ಬಾನೆಟ್ ತಣ್ಣಗಿರಬೇಕು

ಹದಿನೆಂಟು ವರ್ಷದಲ್ಲಿ ಐದು ಗಾಡಿ. ಒಂದೂ ಹೊಸದಲ್ಲ. ಐದೂ ಬೇರೆ ಯಾರೋ ಆಸೆಪಟ್ಟು ಕೊಂಡು, ಕೆಲವು ವರ್ಷ ಓಡಿಸಿ, ಆಮೇಲೆ ಖರ್ಚಿಗೋ ಬೇಸರಕ್ಕೋ ಬಿಟ್ಟುಕೊಟ್ಟವು. ಐದೂ ಓಟದ ಗಾಡಿಗಳು. ಓಟದ ಗಾಡಿ ಅಂದ ಕೂಡಲೇ ನೆಲಕ್ಕೆ ಅಂಟಿಕೊಂಡ ಎರಡು ಸೀಟಿನ ಗಾಡಿ ಕಣ್ಣಿಗೆ ಬರುತ್ತದೆ ಅಲ್ವಾ? ಅಂಥದ್ದು ಒಂದೇ ಒಂದು ಬಂದಿತ್ತು, ಬೇಗ ಹೋಯಿತು. ಉಳಿದ ನಾಲ್ಕೂ ದೂರದಿಂದ ನೋಡಿದರೆ ಸಾದಾ ಗಾಡಿಗಳೇ. ಸೆಲ್ಫ್ ಹೊಡೆದ ಮೇಲೆ ಗೊತ್ತಾಗುತ್ತದೆ.

ಹೋದ ತಿಂಗಳು ನಾಲ್ಕನೆಯದನ್ನು ಮಾರಿದೆ. ಗೋಕಾಕದ ಒಬ್ಬ ಹುಡುಗ ತೆಗೆದುಕೊಂಡ. ಅವನು ಹೋದ ಮೇಲೆ ಶಾಪಿನ ಬಾಗಿಲಲ್ಲಿ ಸುಮ್ನೆ ನಿಂತಿದ್ದೆ. ಈ ಗಾಡಿಗಳ ಬಗ್ಗೆ ಒಮ್ಮೆ ಕೂತು ಬರೆಯಬೇಕು ಅಂತ ಅನ್ನಿಸಿದ್ದು ಆಗಲೇ.

ನಾನು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಸಣ್ಣದೊಂದು ಮಷಿನ್ ಶಾಪ್ ಇಟ್ಟುಕೊಂಡಿದ್ದೇನೆ. ಎರಡು ಲೇಥ್, ಒಂದು ಮಿಲ್ಲಿಂಗ್, ಕಂಪ್ಯೂಟರ್ ಹೇಳಿದಂತೆ ಕಡೆಯುವ ಒಂದು ಹಳೆಯ ಸಿಎನ್‌ಸಿ. ಫೌಂಡ್ರಿಯಿಂದ ಬಂದ ಕಾಸ್ಟಿಂಗ್‌ಗಳನ್ನು, ಅಂದರೆ ಎರಕದ ತುಂಡುಗಳನ್ನು, ಅಳತೆಗೆ ತಂದು ಕೊಡುವ ಜಾಬ್‌ವರ್ಕ್. ಹೊರಗಿನವರಿಗೆ ಬೆಳಗಾವಿ ಅಂದರೆ ಕುಂದಾ. ಉದ್ಯಮಬಾಗ್‌ನಲ್ಲಿ ಬೆಳೆದವರಿಗೆ ಮೊದಲು ನೆನಪಾಗುವುದು ಎರಕದ ಅಚ್ಚಿನ ಸುಟ್ಟ ಮರಳಿನ ವಾಸನೆ. ಪಂಪಿನ ಬಾಡಿ, ವಾಲ್ವ್, ಗಾಡಿಯ ಬಿಡಿಭಾಗ, ಏನೆಲ್ಲ ಇಲ್ಲಿ ಎರಕವಾಗಿ ಹೊರಗೆ ಹೋಗುತ್ತದೆ.

ಅಪ್ಪ ಮೂವತ್ತೊಂದು ವರ್ಷ ಒಂದು ಫೌಂಡ್ರಿಯಲ್ಲಿ ಫೆಟ್ಲಿಂಗ್ ಕೆಲಸ ಮಾಡಿದರು. ತಣ್ಣಗಾದ ಕಾಸ್ಟಿಂಗ್‌ನ ಮರಳು ಉದುರಿಸುವುದು, ಅಂಚಿಗೆ ಉಳಿದ ಲೋಹವನ್ನು ಗ್ರೈಂಡರ್ ಹಿಡಿದು ತೆಗೆಯುವುದು. ಎಲ್ಲ ಮುಗಿದ ಮೇಲೆ ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟುತ್ತಿದ್ದರು. ಎಸ್‌.ಜಿ. ಐರನ್ (ಸುಲಭಕ್ಕೆ ಒಡೆಯದ ಎರಕದ ಕಬ್ಬಿಣ) ಆದರೆ ಗಂಟೆ ಬಾರಿಸಿದ ಹಾಗೆ ದನಿ ಎಳೆಯುತ್ತದೆ. ಗ್ರೇ ಐರನ್, ಅಂದರೆ ಸಾದಾ ಎರಕದ ಕಬ್ಬಿಣದ್ದು ಗಿಡ್ಡ ದನಿ, ಬಂದಷ್ಟೇ ಬೇಗ ನಿಲ್ಲುತ್ತದೆ. ಒಳಗೆ ಬಿರುಕು ಇದ್ದರೆ ಎರಡೂ ಸತ್ತ ಹಾಗೆ ‘ಠಪ್’ ಅನ್ನುತ್ತವೆ. ಶಾಲೆ ಬಿಟ್ಟ ಮೇಲೆ ನಾನು ಬುತ್ತಿ ಡಬ್ಬಿ ತರಲು ಹೋಗುತ್ತಿದ್ದೆ. ಅಪ್ಪ ನನ್ನ ಕೈಗೆ ಸುತ್ತಿಗೆ ಕೊಟ್ಟು, ‘ಕಣ್ಣ ಮುಚ್ಚ್ಕೊಂಡ ಹೇಳ, ಯಾವುದು ಒಡದೈತಿ’ ಅನ್ನುತ್ತಿದ್ದರು. ನಾನು ಗಾಡಿ ಹುಚ್ಚನಾದದ್ದು ಟಿವಿ ನೋಡಿ ಇರಬಹುದು. ಗಾಡಿ ಆರಿಸಲು ಕಲಿತದ್ದು ಮಾತ್ರ ಅಲ್ಲಿ.

ಮೊದಲನೆಯದು ಫಿಯಟ್ ಪಾಲಿಯೊ, 1.6 ಲೀಟರ್. 2001ರಲ್ಲಿ ಆ ಗಾಡಿ ಬಂದಾಗ ಸಚಿನ್ ತೆಂಡೂಲ್ಕರ್ ಜಾಹೀರಾತಿನಲ್ಲಿದ್ದರು. ಮರುವರ್ಷ ಅದೇ ಫಿಯಟ್‌ನವರು ಅವರಿಗೆ ಫೆರಾರಿ 360 ಮೊಡೆನಾ ಕೊಟ್ಟರು. ಆಗ ನಾನು ಬೇರೆಯವರ ಶಾಪಿನಲ್ಲಿ ಲೇಥ್ ಮೇಲೆ ಇದ್ದೆ. ಪೇಪರಿನಲ್ಲಿ ಬಂದ ಫೆರಾರಿ ಫೋಟೊ ಕತ್ತರಿಸಿ ಟೂಲ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೆ. ಆದರೆ ಕಣ್ಣು ಇದ್ದದ್ದು ಪಾಲಿಯೊ ಮೇಲೆ. ಅಷ್ಟು ಸಣ್ಣ ಗಾಡಿಗೆ 100 ಕುದುರೆ ಶಕ್ತಿ. ಅದರ ಬಾಗಿಲು ಹಾಕಿದಾಗ ಬರುವ ದಪ್ಪ ಸದ್ದು ಆಗಿನ ಬೇರೆ ಸಣ್ಣ ಗಾಡಿಗಳಲ್ಲಿ ಇರಲಿಲ್ಲ.

2007ರಲ್ಲಿ ಕೊಲ್ಹಾಪುರದಲ್ಲಿ 2002ರ ಮಾಡೆಲ್ ಒಂದಿದೆ ಅಂತ ಏಜೆಂಟ್ ಹೇಳಿದ. ಅಪ್ಪನನ್ನು ಕರೆದುಕೊಂಡು ಹೋದೆ. ಅಪ್ಪ ಜೀವಮಾನದಲ್ಲಿ ಕಾರು ಓಡಿಸಿದವರಲ್ಲ, ಫೌಂಡ್ರಿಗೂ ಸೈಕಲ್ ಮೇಲೇ ಹೋಗಿ ಬಂದವರು. ನಾನು ಪೇಂಟ್ ನೋಡುತ್ತಿದ್ದೆ, ಸೀಟು ನೋಡುತ್ತಿದ್ದೆ, ಟೇಪ್ ನೋಡುತ್ತಿದ್ದೆ. ಅಪ್ಪ ನೇರ ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

‘ಬಿಸಿ ಐತಿ ಇದು. ನಾಳೆ ಬರೂಣ ನಡಿ.’

ನನಗೆ ಸಿಟ್ಟು ಬಂದಿತ್ತು. ಅಷ್ಟು ದೂರ ಬಂದು ಸುಮ್ನೆ ವಾಪಸ್ ಹೋಗುವುದೇ ಅಂತ. ಈಗ ತಿಳಿಯುತ್ತದೆ. ಎಂಜಿನ್ ಒಮ್ಮೆ ಕಾದರೆ ಅದರ ಅರ್ಧ ಹುಳುಕು ಮುಚ್ಚಿಹೋಗುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಎಲ್ಲ ಕೆಳಗೆ ಇಳಿದಿರುತ್ತದೆ. ಬೆಳಿಗ್ಗೆ ಚಾಲೂ ಮಾಡಿದ ಮೊದಲ ನಾಲ್ಕು ಸೆಕೆಂಡು ಎಂಜಿನ್ ತನ್ನ ನಿಜ ಹೇಳುತ್ತದೆ. ಸವೆದ ಭಾಗ ಇದ್ದರೆ ಆಗ ಬಡಿಯುತ್ತದೆ. ವಾಲ್ವ್ ಸೀಲ್ ಹೋಗಿದ್ದರೆ ಸೈಲೆನ್ಸರ್‌ನಿಂದ ನೀಲಿ ಹೊಗೆಯ ಒಂದು ಉಂಡೆ ಬಂದು ಮಾಯವಾಗುತ್ತದೆ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಸಿಲಿಂಡರ್ ಒಳಗೆ ನೀರು ಹೋಗುತ್ತಿದೆ. ಬ್ಯಾಟರಿಗೆ ತಾಕತ್ತಿಲ್ಲ ಅಂದರೆ ಅದೂ ಆಗಲೇ ಗೊತ್ತಾಗುತ್ತದೆ. ಮಾರುವವನು ನೀವು ಬರುವ ಮೊದಲು ಹತ್ತು ನಿಮಿಷ ಗಾಡಿ ಓಡಿಸಿಟ್ಟರೆ ಇದರಲ್ಲಿ ಬಹಳಷ್ಟು ನಿಮಗೆ ಕಾಣುವುದೇ ಇಲ್ಲ.

ಆ ರಾತ್ರಿ ಸಂಬಂಧಿಕರ ಮನೆಯಲ್ಲಿ ಉಳಿದು, ಮರುದಿನ ಏಳು ಗಂಟೆಗೆ ಹೇಳದೆ ಕೇಳದೆ ಅವರ ಬಾಗಿಲಿಗೆ ಹೋದೆವು. ಬಾನೆಟ್ ಇಬ್ಬನಿ ಹಿಡಿದು ತಣ್ಣಗಿತ್ತು. ಅಪ್ಪ ಉದ್ದನೆಯ ಸ್ಕ್ರೂಡ್ರೈವರ್ ತಂದಿದ್ದರು. ಅದರ ತುದಿಯನ್ನು ಎಂಜಿನ್‌ಗೆ ಆನಿಸಿ, ಹಿಡಿಕೆಯನ್ನು ಕಿವಿಗೆ ಒತ್ತಿ ಹಿಡಿದರು. ಒಂದು ಕಡೆ ಕೇಳಿ, ಇನ್ನೊಂದು ಕಡೆ ಕೇಳಿ, ಮತ್ತೆ ಮೊದಲಿನ ಕಡೆಗೆ ಬಂದರು. ಮಾರುವ ಮನುಷ್ಯ ಚಹಾ ತಂದು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದ. ‘ತಗೋ’ ಅಂದರು ಅಪ್ಪ. ಒಂದು ಲಕ್ಷ ಅರವತ್ತೈದು ಸಾವಿರ. ಎನ್‌ಒಸಿ ತಂದು, ಕೊಲ್ಹಾಪುರದ ಎಂಎಚ್-09 ನಂಬರ್ ಹೋಗಿ ಬೆಳಗಾವಿಯ ಕೆಎ-22 ಪಾಸಿಂಗ್ ಆಗುವಷ್ಟರಲ್ಲಿ ಇನ್ನೂ ಒಂದಷ್ಟು ಹೋಯಿತು.

ಓಣಿಯ ಜನ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ‘ಎವರೇಜ್ ಎಷ್ಟ ಕೊಡತೈತ್ರಿ?’ ಲೀಟರಿಗೆ ಒಂಬತ್ತು ಕಿಲೋಮೀಟರ್ ಅಂದರೆ ನಂಬುತ್ತಿರಲಿಲ್ಲ. ಊರೊಳಗೆ ಎಂಟೇ. ಅದು ನನಗೆ ಭಾರ ಅನ್ನಿಸಲಿಲ್ಲ. ಭಾನುವಾರ ಬೆಳಿಗ್ಗೆ ಐದೂವರೆಗೆ ಎದ್ದು, ಪೀರನವಾಡಿ ದಾಟಿ, ಜಾಂಬೋಟಿ ಕಡೆಗೆ ಹೊರಟರೆ ನನ್ನ ವಾರದ ಸಿನಿಮಾ, ಹೋಟೆಲು ಎಲ್ಲ ಅದೇ. ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುವ ತನಕ ಹೋಗಿ, ಅಲ್ಲೊಂದು ಚಹಾ ಕುಡಿದು, ಒಂಬತ್ತಕ್ಕೆ ಮನೆಗೆ.

ಆ ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು. ಜಾಂಬೋಟಿ ಆದ ಮೇಲೆ ಕಾಡು ಶುರು. ಕೆಂಪು ಮಣ್ಣಿನ ಅಂಚು, ಎರಡೂ ಕಡೆ ಮರ ಬಾಗಿರುತ್ತವೆ. ಮಳೆಗಾಲದಲ್ಲಿ ಮಂಜು ಎಷ್ಟು ದಟ್ಟ ಅಂದರೆ ಎದುರಿನ ಲಾರಿ ಮೊದಲು ಕಿವಿಗೆ ಬರುತ್ತದೆ, ಆಮೇಲೆ ಕಣ್ಣಿಗೆ. ಇಲ್ಲಿ ಜೋರಾಗಿ ಹೋಗುವ ಮಾತೇ ಇಲ್ಲ. ನನಗೆ ಬೇಕಾಗಿದ್ದದ್ದೂ ಅದಲ್ಲ. ತಿರುವಿಗೆ ಮೊದಲೇ, ನೇರ ರಸ್ತೆಯಲ್ಲೇ ಬ್ರೇಕ್ ಹಿಡಿದು ಮುಗಿಸಬೇಕು. ಹಾರ್ನ್ ಹೊಡೆಯಬೇಕು. ಗೇರ್ ಒಂದು ಇಳಿಸಬೇಕು. ಸ್ಟೇರಿಂಗ್ ತಿರುಗಿಸುವ ಹೊತ್ತಿಗೆ ಆಕ್ಸಿಲರೇಟರ್ ಮೇಲೆ ಕಾಲು ಹಗುರಾಗಿ, ಅಲುಗದೆ ಇರಬೇಕು. ಕಣ್ಣು ಬಾನೆಟ್ ಮುಂದೆ ಅಲ್ಲ, ತಿರುವು ಬಿಚ್ಚಿಕೊಳ್ಳುವ ಕಡೆ. ಇಷ್ಟೂ ಒಂದಾದ ಮೇಲೊಂದು ಸರಿಯಾಗಿ ಕೂತರೆ ಗಾಡಿ ತೊಟ್ಟಿಲು ತೂಗಿದ ಹಾಗೆ ತಿರುಗುತ್ತದೆ. ನಲವತ್ತರ ಸ್ಪೀಡಿನಲ್ಲೇ ಮೈ ಜುಮ್ಮೆನ್ನುತ್ತದೆ. ಪಾಲಿಯೊದ ಸ್ಟೇರಿಂಗ್ ಭಾರ. ಮುಂದಿನ ಟೈರಿಗೆ ಹಿಡಿತ ಸಿಕ್ಕಿತೋ, ಒದ್ದೆ ಎಲೆಯ ಮೇಲೆ ಜಾರಿತೋ, ಎರಡೂ ಅಂಗೈಗೆ ಬಂದು ಹೇಳುತ್ತದೆ.

2010ರಲ್ಲಿ ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್ ಮತ್ತು ಪಿಸ್ಟನ್ ಒಂದೇ ತಾಳಕ್ಕೆ ನಡೆಯುವಂತೆ ಮಾಡುವ ಪಟ್ಟಿ, ಹರಿಯಿತು. ತಪ್ಪು ನನ್ನದೇ. ಬದಲಿಸುವ ಹೊತ್ತು ಮೀರಿತ್ತು, ಶಾಪಿಗೆ ಹೊಸ ಮಷಿನ್ ತಂದಿದ್ದೆ, ಮುಂದಿನ ತಿಂಗಳು ನೋಡೋಣ ಅಂತ ಎರಡು ಸಲ ದೂಡಿದ್ದೆ. ಹಿರೇಬಾಗೇವಾಡಿ ಹತ್ತಿರ ಒಂದು ಸಣ್ಣ ಸದ್ದು. ತೆಳ್ಳಗಿನ ಕೋಲು ಮುರಿದ ಹಾಗೆ. ಎಂಜಿನ್ ಬಂದ್. ಮತ್ತೆ ಸೆಲ್ಫ್ ಹೊಡೆದರೆ ಯಾವ ತಡೆಯೂ ಇಲ್ಲದೆ ‘ಗಿರ್’ ಅಂತ ತಿರುಗಿತು. ಆ ಸದ್ದು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಬೆಲ್ಟ್ ಹರಿದರೆ ಮೇಲಿನ ವಾಲ್ವ್‌ಗಳು ಇದ್ದಲ್ಲೇ ನಿಲ್ಲುತ್ತವೆ, ಪಿಸ್ಟನ್ ಮಾತ್ರ ಮೇಲೆ ಬಂದು ಅವಕ್ಕೆ ಗುದ್ದುತ್ತದೆ. ಹದಿನಾರರಲ್ಲಿ ಹನ್ನೊಂದು ಬಾಗಿದ್ದವು.

ಗ್ಯಾರೇಜಿನವರು ಎಂಜಿನ್ನೇ ಬದಲಿಸಿ ಅಂದರು. ನಾನು ಹೆಡ್, ಅಂದರೆ ವಾಲ್ವ್ ಇರುವ ಎಂಜಿನ್‌ನ ಮೇಲಿನ ಭಾಗ, ಬಿಚ್ಚಿಸಿ ಶಾಪಿಗೆ ತಂದೆ. ಆ ಮೂರು ವಾರ ನನ್ನ ಜೀವನದ ಒಳ್ಳೆಯ ದಿನಗಳು. ಸಂಜೆ ಆರಕ್ಕೆ ಹುಡುಗರು ಮನೆಗೆ ಹೋದ ಮೇಲೆ ಕೆಲಸ ಶುರು. ವಾಲ್ವ್ ಪುಣೆಯಿಂದ ತರಿಸಿದೆ. ವಾಲ್ವ್ ಓಡಾಡುವ ಗೈಡ್ ಹೊಸದು ಹಾಕಿದೆ. ವಾಲ್ವ್ ಕೂರುವ ಸೀಟ್ ಕಟ್ ಮಾಡಲು ಪಕ್ಕದ ಶಾಪಿನ ಮಾಮಾ ಬಂದರು. ಅವರಿಗೆ ಕನ್ನಡಕ್ಕಿಂತ ಮರಾಠಿ ಸಲೀಸು, ನನಗೆ ಅವರ ಕೈ ನೋಡಿದರೆ ಸಾಕು. ಆಮೇಲೆ ಪೇಸ್ಟ್ ಹಚ್ಚಿ ಒಂದೊಂದೇ ವಾಲ್ವ್ ತಿಕ್ಕುವುದು. ಎರಡೂ ಅಂಗೈ ನಡುವೆ ಕಡ್ಡಿ ಹಿಡಿದು ಮಜ್ಜಿಗೆ ಕಡೆದ ಹಾಗೆ ಹಿಂದೆ ಮುಂದೆ ತಿರುಗಿಸಬೇಕು. ಶುರುವಿನಲ್ಲಿ ಮರಳು ಅರೆದ ಹಾಗೆ ಗರಗರ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಸದ್ದು ಸಣ್ಣಗಾಗುತ್ತದೆ, ಕೊನೆಗೆ ರೇಷ್ಮೆ ಉಜ್ಜಿದಷ್ಟೇ. ಎತ್ತಿ ನೋಡಿದರೆ ವಾಲ್ವ್ ಸುತ್ತ ಬೂದು ಬಣ್ಣದ ಒಂದೇ ಸಮನಾದ ಗೆರೆ. ಗೆರೆ ಎಲ್ಲೂ ತುಂಡಾಗಬಾರದು.

ಎಲ್ಲ ಕೂಡಿಸಿ ಹೆಡ್ ಮಗುಚಿ ಇಟ್ಟು ಒಳಗೆ ಸೀಮೆ ಎಣ್ಣೆ ಸುರಿದೆ. ವಾಲ್ವ್ ಸರಿಯಾಗಿ ಕೂತಿದ್ದರೆ ಒಂದು ಹನಿಯೂ ಕೆಳಗೆ ಇಳಿಯಬಾರದು. ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ನಾನು ಬರುವ ಮೊದಲೇ ಅಪ್ಪ ಬಂದು ಸ್ಟೂಲ್ ಮೇಲೆ ಕೂತಿದ್ದರು. ಕೆಳಗೆ ಹಾಸಿದ್ದ ಪೇಪರ್ ಒಣಗಿತ್ತು. ಅಪ್ಪ ಆ ಪೇಪರನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು. ಯಾಕೆ ಅಂತ ನಾನು ಕೇಳಲಿಲ್ಲ.

ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಅಲುಗದಂತೆ ಹಿಡಿಯುವ ಟೂಲ್ ಮಾತ್ರ ನಾನು ಕೇಳಿದ ಯಾರ ಬಳಿಯೂ ಇರಲಿಲ್ಲ. ಅಳತೆ ತೆಗೆದು ನಾನೇ ಲೇಥ್ ಮೇಲೆ ಮಾಡಿದೆ. ಅದು ಇವತ್ತಿಗೂ ನನ್ನ ಡ್ರಾಯರ್‌ನಲ್ಲಿದೆ. ಆಮೇಲೆ ಧಾರವಾಡ, ಹುಬ್ಬಳ್ಳಿ, ಸಾಂಗ್ಲಿಯಿಂದ ಪಾಲಿಯೊ ಇದ್ದವರು ಬಂದು ಎರವಲು ಒಯ್ದಿದ್ದಾರೆ. ಒಬ್ಬರೂ ವಾಪಸ್ ಕೊಡದೆ ಬಿಟ್ಟಿಲ್ಲ. ಇಂಥ ಗಾಡಿ ಬೇರೆ ಊರಿನಲ್ಲಿ ಇದ್ದಿದ್ದರೆ ಗುಜರಿಗೆ ಹೋಗುತ್ತಿತ್ತು. ಬೆಳಗಾವಿಯಲ್ಲಿ ಉಳಿಯಿತು. ಒಂದು ಬುಷ್ ಸಿಗದಿದ್ದರೆ ಇಲ್ಲಿ ಕಡೆಯುವವರಿದ್ದಾರೆ. ಬ್ರಾಕೆಟ್ ಮುರಿದರೆ ಪ್ಯಾಟರ್ನ್ (ಅಚ್ಚಿನ ಮಾದರಿ) ಮಾಡಿ ಎರಕ ಹೊಯ್ಯುವವರಿದ್ದಾರೆ. ಚಹಾ ಕುಡಿಯುವಷ್ಟು ದೂರದಲ್ಲಿ ಎಲ್ಲರೂ ಸಿಗುತ್ತಾರೆ. ಇದು ನಮ್ಮ ಊರಿನ ಸಿರಿ ಅಂತಲೇ ನಾನು ಎಣಿಸುತ್ತೇನೆ.

ಎರಡನೆಯದು 2011ರಲ್ಲಿ ಬಂತು. ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2005ರದು, ಪುಣೆಯಿಂದ. 1.8 ಲೀಟರ್ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಯಂತ್ರ), 150 ಕುದುರೆ ಶಕ್ತಿ, ಒಂದೊಂದು ಸಿಲಿಂಡರ್‌ಗೆ ಐದೈದು ವಾಲ್ವ್. ಈ ಸಲ ಅಪ್ಪನನ್ನು ಕರೆದುಕೊಂಡು ಹೋಗಲಿಲ್ಲ. ಬಾನೆಟ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಎಂಜಿನ್ ಚೊಕ್ಕ. ಮೀಟರ್ 62,000 ತೋರಿಸುತ್ತಿತ್ತು, ನಂಬಿದೆ. ಊರಿಗೆ ಬಂದ ಮೇಲೆ ಹಳೆಯ ಸರ್ವಿಸ್ ಬಿಲ್ ಸಿಕ್ಕಿತು, ಒಂದು ಲಕ್ಷ ನಲವತ್ತು ಸಾವಿರ ದಾಟಿತ್ತು. ಮಾರಿದವನು ಮೀಟರ್ ತಿರುಗಿಸಿದ್ದ. ಕ್ಲಚ್ ಪೆಡಲ್‌ನ ರಬ್ಬರ್ ನೋಡಿದ್ದರೆ ಅವತ್ತೇ ತಿಳಿಯುತ್ತಿತ್ತು. ಗೆರೆಗಳೆಲ್ಲ ಸವೆದು ನುಣ್ಣಗಾಗಿತ್ತು. ಡ್ರೈವರ್ ಸೀಟಿನ ಹೊರ ಅಂಚು ಕುಸಿದಿತ್ತು. ಅಂಕಿ ಬದಲಿಸುವವನು ರಬ್ಬರ್ ಬದಲಿಸುವುದು ಕಡಿಮೆ. ಅಂದಿನಿಂದ ನಾನು ಮೀಟರ್ ಕಡೆ ಕೊನೆಗೆ ನೋಡುತ್ತೇನೆ.

ಆ ಗಾಡಿಯ ಮೊದಲ ಮಳೆಗಾಲದಲ್ಲೇ ಕಣಕುಂಬಿ ಹತ್ತಿರ ಕಾದು ಹೊಗೆಯಾಯಿತು. ಹಿಂದಿನ ಮಾಲೀಕ ಕೂಲಂಟ್ ಹಾಕದೆ ಬರೀ ನೀರು ತುಂಬಿಸಿಕೊಂಡು ಬಂದಿದ್ದ. ಒಳಗೆಲ್ಲ ತುಕ್ಕು, ಬಿಸಿಯಾದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಅಂಟಿಕೊಂಡಿತ್ತು. ಕಾದ ಗಾಡಿಯ ನೀರಿನ ಮುಚ್ಚಳ ತೆಗೆಯಬಾರದು, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ತಣಿಯಲಿ ಅಂತ ಬಿಟ್ಟು, ಮಲಪ್ರಭಾ ಹುಟ್ಟುವ ಜಾಗದ ಕಡೆಗೆ ನಡೆದುಕೊಂಡು ಹೋದೆ. ಮಾವುಲಿ ದೇವಿಯ ಗುಡಿಯ ಹತ್ತಿರ ಅಷ್ಟು ಸಣ್ಣದಾಗಿ ಹುಟ್ಟುವ ನೀರು ಕೂಡಲಸಂಗಮದ ತನಕ ಹೋಗಿ ಕೃಷ್ಣೆಗೆ ಸೇರುತ್ತದೆ. ಮಳೆಯಲ್ಲಿ ತೊಯ್ದು ನಿಂತು ಅದನ್ನೇ ನೋಡಿದೆ. ವಾಪಸ್ ಬಂದಾಗ ಊರಿನ ಒಬ್ಬ ಅಜ್ಜ ಕೊಡದಲ್ಲಿ ನೀರು ತಂದು ಗಾಡಿ ಪಕ್ಕದಲ್ಲಿ ಇಟ್ಟಿದ್ದರು. ‘ನೀವ ಗಾಡಿಗಿ ಹಾಕೂ ಮೊದ್ಲ ನೀವೂ ಕುಡೀರಿ’ ಅಂದರು.

ರಿಪೇರಿ ಆದ ಮೇಲೆ ಆ ಗಾಡಿ ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ಪುಣೆ ಹೆದ್ದಾರಿಯಲ್ಲಿ ನಿಪ್ಪಾಣಿ ಹತ್ತಿರದ ತವಂದಿ ಘಾಟ್‌ ಅನ್ನು ಐದನೇ ಗೇರಿನಲ್ಲೇ ಏರುತ್ತಿತ್ತು. ಮೂರನೆಯದು ಹೋಂಡಾ ಸಿವಿಕ್. ಅದರ ಬಗ್ಗೆ ಹೇಳುವುದು ಕಡಿಮೆ, ಯಾಕಂದರೆ ಅದು ತೊಂದರೆ ಕೊಡಲಿಲ್ಲ. 1.8 ಲೀಟರ್, 132 ಕುದುರೆ ಶಕ್ತಿ, ಸ್ಪೀಡ್ ಅಂಕಿ ಗಾಜಿನ ಕೆಳಗೆ ನೀಲಿಯಾಗಿ ಹೊಳೆಯುತ್ತಿತ್ತು. ಹಂಪ್ ಬಂದಾಗ ಅಡ್ಡಡ್ಡ ದಾಟಿಸಬೇಕಿತ್ತು. ಮನೆಯವಳಿಗೆ ಇಷ್ಟವಾಗಿತ್ತು, ಅವಳು ಡ್ರೈವಿಂಗ್ ಕಲಿತದ್ದೂ ಅದರಲ್ಲೇ. ಆರು ವರ್ಷ ಇತ್ತು.

ನಾಲ್ಕನೆಯದು ಅಬಾರ್ಥ್ ಪುಂಟೊ, ಇದೂ ಫಿಯಟ್‌ನವರದೇ. 2018ರಲ್ಲಿ ತಂದೆ, ಎರಡು ವರ್ಷ ಹಳೆಯದು. ಭಾರತಕ್ಕೆ ಅದು ಬಂದದ್ದು 2015ರಲ್ಲಿ. 1.4 ಲೀಟರ್ ಟರ್ಬೊ, 145 ಕುದುರೆ ಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಬಾನೆಟ್ ಮೇಲೆ ಚೇಳಿನ ಗುರುತು. ಆ ಕಂಪನಿ ಕಟ್ಟಿದ ಕಾರ್ಲೊ ಅಬಾರ್ಥ್ ಅವರದು ವೃಶ್ಚಿಕ ರಾಶಿ, ಅದಕ್ಕೇ ಚೇಳು. ಅವ್ವ ಬಂದು ನೋಡಿ, ‘ಚೇಳಿನ ಚಿತ್ರದ ಗಾಡಿ ಮನಿ ಮುಂದ ಯಾಕ ತಂದ ನಿಲ್ಲಸ್ದಿಪಾ?’ ಅಂದಳು. ರಾಶಿಯ ಮಾತು ಹೇಳಿದ ಮೇಲೆ ಸಮಾಧಾನವಾಯಿತು. ಆದರೂ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು, ಅಮಾವಾಸ್ಯೆಗೊಮ್ಮೆ ತಪ್ಪದೆ ಬದಲಿಸಿದಳು.

ಅಷ್ಟು ಹೊತ್ತಿಗೆ ಅಪ್ಪನ ಕಿವಿ ಹೋಗಿತ್ತು. ಮೂವತ್ತೊಂದು ವರ್ಷ ಗ್ರೈಂಡರ್ ಮತ್ತು ಸುತ್ತಿಗೆ ನಡುವೆ ದುಡಿದವರು. ಆ ಕಾಲದಲ್ಲಿ ಕಿವಿಗೆ ಹತ್ತಿಯೂ ಇಟ್ಟುಕೊಳ್ಳುತ್ತಿರಲಿಲ್ಲ. ಮೊದಲು ಹೋದದ್ದು ಸಣ್ಣ ದನಿಗಳು. ಫೋನಿನ ರಿಂಗ್, ಮೊಮ್ಮಗಳ ಮಾತು, ಕುಕ್ಕರಿನ ಸೀಟಿ. ಆಮೇಲೆ ಉಳಿದವೂ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಕಬ್ಬಿಣದ ಒಳಗಿನ ಕೂದಲೆಳೆಯ ಬಿರುಕನ್ನು ಕೇಳಿ ಹಿಡಿದ ಕಿವಿ ಅದು. ನನ್ನ ಶಾಪಿನಲ್ಲಿ ಈಗ ಇಯರ್‌ಪ್ಲಗ್ ಹಾಕದೆ ಯಾರೂ ಗ್ರೈಂಡರ್ ಮುಟ್ಟುವ ಹಾಗಿಲ್ಲ. ಹುಡುಗರು ಗೊಣಗುತ್ತಾರೆ. ಗೊಣಗಲಿ.

ಅಬಾರ್ಥ್ ಮನೆಗೆ ಬಂದ ಸಂಜೆ ಚಾಲೂ ಮಾಡಿ ನಿಲ್ಲಿಸಿದ್ದೆ. ಅಪ್ಪ ಕೋಲು ಊರಿಕೊಂಡು ಬಂದರು. ಕೋಲನ್ನು ಬಂಪರ್‌ಗೆ ಒರಗಿಸಿ ಬಾನೆಟ್ ಮೇಲೆ ಅಂಗೈ ಇಟ್ಟರು. ಕಣ್ಣು ಮುಚ್ಚಿದರು. ಮಧ್ಯದಲ್ಲಿ ಸ್ವಲ್ಪ, ಎಡಕ್ಕೆ ಸ್ವಲ್ಪ, ಕೈ ಸರಿಸುತ್ತ ಹೋದರು.

‘ನಡುನಡುವ ಒಂದ ತಪ್ಪಾಕತ್ತೈತಿ’ ಅಂದರು.

ನನಗೆ ಕೇಳಿಸಿರಲಿಲ್ಲ. ಎರಡೂ ಕಿವಿ ನೆಟ್ಟಗಿದ್ದವನಿಗೆ ಕೇಳಿಸಿರಲಿಲ್ಲ. ಮರುದಿನ ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿದೆ. ಒಂದರ ಬಿಳಿ ಪಿಂಗಾಣಿಯಲ್ಲಿ ಸಣ್ಣ ಸೀಳು. ಹೊಸದು ಹಾಕಿ, ಚಾಲೂ ಮಾಡಿ, ಅಪ್ಪನ ಕೈ ಹಿಡಿದು ಮತ್ತೆ ಬಾನೆಟ್ ಮೇಲೆ ಇಟ್ಟೆ. ತಲೆ ಆಡಿಸಿದರು.

ಆ ಗಾಡಿ ನನಗೆ ಬಹಳ ಪ್ರೀತಿಯದು. 2,500 ಆರ್‌ಪಿಎಮ್ ತನಕ ಸುಮ್ಮನಿರುತ್ತದೆ. ಅಲ್ಲಿಂದ ಟರ್ಬೊ ಉಸಿರು ಎಳೆದುಕೊಳ್ಳುವ ಸದ್ದು ಬರುತ್ತದೆ, ಬೆನ್ನು ಸೀಟಿಗೆ ಒತ್ತುತ್ತದೆ. ಸ್ಟೇರಿಂಗ್ ಬಿಗಿ ಹಿಡಿಯದಿದ್ದರೆ ಕೈಯಿಂದ ಎಳೆಯುತ್ತದೆ. ಜೋರಾಗಿ ಓಡಿಸಿ ಬಂದು ತಟ್ಟನೆ ಬಂದ್ ಮಾಡಬಾರದು, ಒಂದು ನಿಮಿಷ ಸುಮ್ನೆ ನಡೆಯಲು ಬಿಡಬೇಕು. ಟರ್ಬೊ ಕಾದಿರುತ್ತದೆ, ಆಯಿಲ್ ನಿಂತರೆ ಒಳಗೇ ಸುಟ್ಟು ಕರಕಾಗುತ್ತದೆ. ಬೆಟ್ಟ ಹತ್ತಿ ಬಂದ ಎತ್ತನ್ನು ನೊಗದಿಂದ ಬಿಡಿಸಿದ ಕೂಡಲೇ ಕಟ್ಟಿಹಾಕುತ್ತೀರಾ? ಸ್ವಲ್ಪ ಅಡ್ಡಾಡಿಸುತ್ತೀರಿ. ಹಾಗೆಯೇ.

ಐದನೆಯದು ಆ ಎರಡು ಸೀಟಿನದು. 2021ರಲ್ಲಿ ಸಿವಿಕ್ ಮಾರಿ, ಒಂದು ಎಫ್‌ಡಿ ಮುರಿಸಿ, ಮುಂಬೈಯಿಂದ ಬಿಎಂಡಬ್ಲ್ಯೂ ಜೆಡ್4 ತಂದೆ. 2010ರ ಮಾಡೆಲ್, ಮೂರು ಲೀಟರ್, ಆರು ಸಿಲಿಂಡರ್, 306 ಕುದುರೆ ಶಕ್ತಿ. ಬಟನ್ ಒತ್ತಿದರೆ ಗಟ್ಟಿ ಚಾವಣಿ ತಾನೇ ಮಡಚಿಕೊಂಡು ಡಿಕ್ಕಿಯೊಳಗೆ ಹೋಗುತ್ತದೆ. ಬೆಳಗಾವಿಯ ಕ್ಯಾಂಪ್ ಪ್ರದೇಶದ ಹಳೆಯ ಮರಗಳ ಕೆಳಗೆ ರಾತ್ರಿ ಹತ್ತಕ್ಕೆ ಚಾವಣಿ ತೆಗೆದು ನಿಧಾನ ಹೋದದ್ದು ಮರೆಯಲಾರೆ. ತಲೆಯ ಮೇಲೆ ಎಲೆಗಳ ಸದ್ದು, ಮುಂದೆ ಆರು ಸಿಲಿಂಡರಿನ ಗುನುಗು.

ಆದರೆ ಅದು ನಮ್ಮ ರಸ್ತೆಗೆ ಜಾಸ್ತಿಯಾಯಿತು. ನಾಲ್ಕು ಲೇನಿನ ಹೆದ್ದಾರಿಯಲ್ಲಿ ಕಾರಿಗೆ ಮಿತಿ 100, 2018ರಿಂದ. ಈ ಗಾಡಿ ಐದು ಸೆಕೆಂಡಿನ ಆಸುಪಾಸಿನಲ್ಲಿ ಅಲ್ಲಿಗೆ ಮುಟ್ಟುತ್ತದೆ. ಆಮೇಲೆ? ಉಳಿದ ಶಕ್ತಿಯನ್ನು ಎಲ್ಲಿ ಖರ್ಚು ಮಾಡುವುದು? ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುತ್ತಿರುತ್ತವೆ. ಅಲ್ಲಿ ಅದನ್ನು ಬಿಚ್ಚುವವನಿಗೆ ಬುದ್ಧಿ ಇಲ್ಲ ಅಂತಲೇ ಹೇಳುತ್ತೇನೆ. ಪಾಲಿಯೊದಲ್ಲಿ ಇದ್ದ ನೂರನ್ನೂ ಬಳಸುತ್ತಿದ್ದೆ. ಇದರಲ್ಲಿ ಮೂರರಲ್ಲಿ ಒಂದು ಭಾಗ ಮುಟ್ಟಿ, ಉಳಿದದ್ದನ್ನು ಹೊತ್ತು ತಿರುಗುತ್ತಿದ್ದೆ. ಜಾಂಬೋಟಿ ದಾರಿಯ ಒಂದು ಗುಂಡಿಯಲ್ಲಿ ಟೈರಿನ ಪಕ್ಕೆ ಕುಯ್ದುಹೋಯಿತು. 18 ಇಂಚಿನ ರನ್‌ಫ್ಲ್ಯಾಟ್ ಟೈರ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು), ಗಾಡಿಯಲ್ಲಿ ಸ್ಟೆಪ್ನಿ ಇಲ್ಲ. ಹೊಸ ಟೈರ್ ಬರುವ ತನಕ ಹನ್ನೊಂದು ದಿನ ನಿಂತಿತ್ತು. ಏನಾದರೂ ಸಣ್ಣ ಸಂಶಯ ಬಂದರೂ ಸ್ಕ್ಯಾನರ್ ಹಚ್ಚಿ ಪರದೆ ನೋಡಬೇಕು. ಅಪ್ಪ ಅದರ ಮೇಲೂ ಕೈ ಇಟ್ಟು ನೋಡಿದ್ದರು. ‘ಏನೂ ಹೇಳವಲ್ದು’ ಅಂದರು. ನನಗೂ ಅದೇ ಅನ್ನಿಸಿತ್ತು. ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿ ರಿಜಿಸ್ಟರ್ ಮಾಡಿಸಿ ರಸ್ತೆ ತೆರಿಗೆ ಕಟ್ಟಬೇಕು. ಆ ಮೊತ್ತ ಲೆಕ್ಕ ಹಾಕಿ ನೋಡಿ, ಹನ್ನೊಂದನೇ ತಿಂಗಳಿಗೆ ಮಹಾರಾಷ್ಟ್ರದವರಿಗೇ ಮಾರಿದೆ. ಬೇಸರವಾಯಿತು, ಆದರೆ ತಪ್ಪು ಮಾಡಿದೆ ಅನ್ನಿಸಲಿಲ್ಲ.

ಪಾಲಿಯೊ ಇನ್ನೂ ನನ್ನ ಹತ್ತಿರವೇ ಇದೆ. ಹದಿನೈದು ವರ್ಷ ತುಂಬಿದಾಗ ಒಮ್ಮೆ ಆರ್‌ಸಿ ರಿನ್ಯೂ ಮಾಡಿಸಿದೆ, ಐದು ವರ್ಷ ಬಿಟ್ಟು ಇನ್ನೊಮ್ಮೆ. ಈಗ ಅದಕ್ಕೆ ಹೊಸ ಚಿಂತೆ ಪೆಟ್ರೋಲಿನದು. ಪಂಪಿನಲ್ಲಿ ಸಿಗುವುದು 20% ಎಥೆನಾಲ್ ಬೆರೆಸಿದ ಪೆಟ್ರೋಲ್. ನಮ್ಮ ಜಿಲ್ಲೆಯ ಕಬ್ಬೇ ಕಾರ್ಖಾನೆಗೆ ಹೋಗಿ, ಎಥೆನಾಲ್ ಆಗಿ, ನನ್ನ ಟ್ಯಾಂಕಿಗೆ ಬರುತ್ತಿರಬಹುದು. ರೈತರಿಗೆ ಒಳ್ಳೆಯದಾದರೆ ನನಗೂ ಸಂತೋಷ, ನಮ್ಮ ಮಾವನವರದೂ ಕಬ್ಬೇ. ಆದರೆ 2002ರ ರಬ್ಬರ್ ಪೈಪುಗಳು ಅದಕ್ಕಾಗಿ ಮಾಡಿದವಲ್ಲ. ಎಥೆನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯಿಂದ ನೀರು ಹೀರುತ್ತದೆ. ಅದರ ಕಾವು ಪೆಟ್ರೋಲಿನ ಮೂರರಲ್ಲಿ ಎರಡು ಭಾಗದಷ್ಟೇ, ಹಾಗಾಗಿ ಎವರೇಜ್ ಇನ್ನೂ ಇಳಿಯಿತು. ಟ್ಯಾಂಕಿನಿಂದ ಎಂಜಿನ್ ತನಕ ಪೈಪು, ಸೀಲು ಎಲ್ಲ ಬದಲಿಸಿದೆ. ತಿಂಗಳುಗಟ್ಟಲೆ ನಿಲ್ಲಿಸುವುದಿಲ್ಲ, ವಾರಕ್ಕೊಮ್ಮೆ ಓಡಿಸಿಯೇ ಓಡಿಸುತ್ತೇನೆ. ನಡೆಯುತ್ತಿದೆ.

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಅವರ ಹಳೆಯ ಕೋಟಿನ ಕಿಸೆಯಲ್ಲಿ ಆ ಪೇಪರ್ ಸಿಕ್ಕಿತು, ನಾಲ್ಕು ಮಡಿಕೆ. ಆ ಒಣ ಪೇಪರ್.

ಅಬಾರ್ಥ್ ಮಾರಲು ನಿಶ್ಚಯಿಸಿದ್ದು ಎರಡು ಗಾಡಿಗೂ ಸರಿಯಾಗಿ ಸಮಯ ಕೊಡಲು ಆಗುತ್ತಿಲ್ಲ ಅಂತ. ಫಿಯಟ್ ನಮ್ಮ ದೇಶದಲ್ಲಿ ಗಾಡಿ ಮಾಡುವುದು ನಿಲ್ಲಿಸಿ ವರ್ಷಗಳಾದವು. ಬಿಡಿಭಾಗ ಹುಡುಕಿ, ಫೋನ್ ಹಚ್ಚಿ, ಕೂತು ಮಾಡುವವರ ಕೈಗೆ ಅದು ಹೋಗಬೇಕು. ನೋಡಲು ಬಹಳ ಜನ ಬಂದರು. ಕೆಲವರಿಗೆ ಚೇಳು ಬೇಕಿತ್ತು. ಕೆಲವರು ಸೈಲೆನ್ಸರ್ ಕಿತ್ತು ಸದ್ದು ಜಾಸ್ತಿ ಮಾಡಬಹುದೇ ಅಂತ ಕೇಳಿದರು. ಅವರಿಗೆಲ್ಲ ರೇಟ್ ಹೆಚ್ಚು ಹೇಳಿ ಕಳಿಸಿದೆ.

ಗೋಕಾಕದ ಹುಡುಗ ಹಿಂದಿನ ರಾತ್ರಿ ಫೋನ್ ಮಾಡಿದ. ‘ಸರ್, ನಾ ಬರೂತನಕಾ ಗಾಡಿ ಚಾಲೂ ಮಾಡಬ್ಯಾಡ್ರಿ.’ ನಾನು ಆಗಲಿ ಅಂದೆ. ಫೋನ್ ಇಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿದ್ದ. ಇಪ್ಪತ್ತೈದರ ಒಳಗಿನ ವಯಸ್ಸು, ಭುಜಕ್ಕೆ ಒಂದು ಬ್ಯಾಗು. ಉಗುರಿನ ಸಂದಿಯಲ್ಲಿ ಗ್ರೀಸ್ ಕಪ್ಪು. ಚಹಾ ಬೇಕೇ ಅಂದೆ, ಆಮೇಲೆ ಕುಡೀತೀನ್ರಿ ಅಂದ. ನೇರ ಗಾಡಿಯ ಹತ್ತಿರ ಹೋಗಿ ಬಾನೆಟ್ ಮೇಲೆ ಎಡಗೈ ಇಟ್ಟ. ಅಂಗೈ ಪೂರ್ತಿ, ಐದೂ ಬೆರಳು ಬಿಡಿಸಿ. ‘ಈಗ ಚಾಲೂ ಮಾಡ್ರಿ ಸರ್’ ಅಂದು, ಹಿಂದೆ ಹೋಗಿ ಸೈಲೆನ್ಸರ್ ಹತ್ತಿರ ಕುಕ್ಕರಗಾಲಲ್ಲಿ ಕೂತ.

ಪೆಡಲ್ ರಬ್ಬರ್ ನೋಡಿದ. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಕೇಳಿದ. ನಾನು ನಾಲ್ಕು ಮುಕ್ಕಾಲು ಲಕ್ಷ ಅಂದಿದ್ದೆ. ನಾಲ್ಕು ಇಪ್ಪತ್ತು ತಂದೀನ್ರಿ, ಅಷ್ಟೇ ಐತ್ರಿ ಅಂದ. ಕೊಟ್ಟೆ. ಕಾಗದಪತ್ರಕ್ಕೆ ಸಹಿ ಆಯಿತು. ಡ್ರಾಯರ್‌ನಲ್ಲಿದ್ದ ಪ್ಲಗ್ ಬಿಚ್ಚುವ ಉದ್ದ ಸಾಕೆಟ್ಟನ್ನೂ ಅವನ ಬ್ಯಾಗಿಗೆ ಹಾಕಿದೆ.

ಬಾಗಿಲಲ್ಲಿ ನಿಂತೆ. ಗಾಡಿ ಉದ್ಯಮಬಾಗ್‌ನ ರಸ್ತೆಯಲ್ಲಿ ತಿರುಗಿ ಕಣ್ಣಿಗೆ ಮರೆಯಾಯಿತು. ಎದುರಿನ ಶಾಪಿನ ಲೇಥ್ ಇನ್ನೂ ಚಾಲೂ ಆಗಿರಲಿಲ್ಲ, ಹಾಗಾಗಿ ಚೆನ್ನಾಗಿ ಕೇಳಿಸುತ್ತಿತ್ತು. ಎಂಜಿನ್ ಇನ್ನೂ ಕಾದಿರಲಿಲ್ಲ, ಹುಡುಗ ಅವಸರ ಮಾಡಲಿಲ್ಲ. ಎರಡನೇ ಗೇರಿನಲ್ಲಿ ಅಷ್ಟು ದೂರ ಹೋದ. ಟರ್ಬೊ ಸದ್ದು ಬರುವ ಮೊದಲೇ ಕಾಲು ತೆಗೆದ. ಮೂರನೇ ಗೇರ್ ಸರಿಯಾದ ಹೊತ್ತಿಗೆ ಬಿತ್ತು.